ಬೇಸೂ ಬೇಕು, ಸಾಹಿತ್ಯವೂ ಕೇಳಬೇಕು

ಹೋದ ಸಂಚಿಕೆಯಲ್ಲಿ ಸ್ಪೀಕರ್ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹೆಡ್‌ಫೋನ್ ಬಗ್ಗೆ! ಹಾಗಾಗಿ ಈ ಸಲ ಪೂರ್ತಿ ಅದೇ. ಹೊಸ ಓದುಗರಿಗೆ ಒಂದು ಮಾತು: ನಾನು ಅಂಗಡಿಯವನಲ್ಲ. ಸಂಗೀತ ಕಚೇರಿ, ಆರ್ಕೆಸ್ಟ್ರಾ, ನಾಟಕ ಅಂತ ಸದ್ದು ಹೊಂದಿಸುವ ಮಿಕ್ಸರ್ ಹಿಂದೆ ಕೂರುವವನು. ಯಾವ ಕಂಪನಿಯೂ ನನಗೆ ಪುಕ್ಕಟೆ ಹೆಡ್‌ಫೋನ್ ಕಳಿಸಿಲ್ಲ. ಕಳಿಸಿದರೆ ಇಲ್ಲೇ ಹೇಳುತ್ತೇನೆ.

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಬೇಸ್ ಜೋರಾಗಿರಲಿ ಅಂತ 'ಎಕ್ಸ್‌ಟ್ರಾ ಬೇಸ್' ಎಂದು ಬರೆದಿದ್ದ ಹೆಡ್‌ಫೋನ್ ತಗೊಂಡೆ. ಡ್ರಮ್ ಚೆನ್ನಾಗೇ ಹೊಡೆಯುತ್ತದೆ. ಆದರೆ ಹಾಡುವವರು ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿದೆ. ಬೇಸ್ ಬೇಕಾದರೆ ಕ್ಲಾರಿಟಿ ಬಿಡಲೇಬೇಕು ಅಂತಾನೆ ರೂಮ್‌ಮೇಟ್. ನಿಜವಾ? ಬಜೆಟ್ ಎರಡು ಸಾವಿರದ ಆಸುಪಾಸು.
— ದಾವಣಗೆರೆಯ ಓದುಗ

ಉತ್ತರ: ರೂಮ್‌ಮೇಟ್ ಮಾತು ನಂಬಬೇಡಿ. ನಿಮ್ಮ ಹೆಡ್‌ಫೋನಿನಲ್ಲಿ ಬೇಸ್ ಬೇಡದ ಜಾಗದಲ್ಲಿ ಉಬ್ಬಿದೆ, ತೊಂದರೆ ಅಷ್ಟೇ.

ಸ್ವಲ್ಪ ಲೆಕ್ಕ ನೋಡೋಣ. ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಅಳತೆಯೇ ಹರ್ಟ್ಸ್. ಅಂಕಿ ಚಿಕ್ಕದಾದಷ್ಟೂ ಸದ್ದು ದಪ್ಪ. ನಮ್ಮ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ನಾಲ್ಕು ತಂತಿಯ ಬೇಸ್ ಗಿಟಾರಿನ ದಪ್ಪ ತಂತಿ ಮೀಟಿದರೆ 41 ಹರ್ಟ್ಸ್. ಡ್ರಮ್ ಸೆಟ್ಟಿನ ಕಿಕ್ಕಿನ ಗುದ್ದು ಹೆಚ್ಚುಕಡಿಮೆ 50ರಿಂದ 100ರೊಳಗೆ. ಎದೆಗೆ ತಾಗುವ ಬೇಸ್ ಅಂದರೆ ಇದೇ. ಹಾಡಿನ ಮಾತು ಅರ್ಥವಾಗುವ ಜಾಗ ಇಲ್ಲಿಂದ ಬಹಳ ದೂರ. ಕ, ಚ, ತ, ಸ ಇವುಗಳ ಅಂಚು ಸಿಗುವುದು 2,000 ಹರ್ಟ್ಸ್ ದಾಟಿದ ಮೇಲೆ. ಅಂದಮೇಲೆ ಎರಡಕ್ಕೂ ಜಗಳ ಯಾಕೆ?

ಜಗಳ ಹಚ್ಚುವುದು ನಡುವಿನ 150ರಿಂದ 300 ಹರ್ಟ್ಸ್ ಭಾಗ. ಗಂಡಸರ ದನಿ, ಹೆಂಗಸರ ದನಿ ಎರಡರ ಬುಡವೂ ಇಲ್ಲಿಗೆ ಬರುತ್ತದೆ. ಇಲ್ಲಿ ಸದ್ದು ಉಬ್ಬಿದರೆ 'ಗುಂಯ್' ಅನ್ನುವ ಮಬ್ಬು ಹಾಡನ್ನೆಲ್ಲ ಮೆತ್ತಿಕೊಳ್ಳುತ್ತದೆ. ಕಿವಿಗೆ ಇನ್ನೊಂದು ಸ್ವಭಾವ ಇದೆ. ಕೆಳಗಿನ ದಪ್ಪ ಸದ್ದು ಜೋರಾದರೆ ಅದರ ಮೇಲಿನ ಸಣ್ಣ ಸದ್ದು ಮರೆಯಾಗುತ್ತದೆ. ಮೇಲಿನದು ಕೆಳಗಿನದನ್ನು ಅಷ್ಟಾಗಿ ಮುಚ್ಚುವುದಿಲ್ಲ. ವೇದಿಕೆಯ ಮೇಲೆ ಗಾಯಕರ ದನಿ ಮಂಕಾದರೆ ನಾವು ಮಿಕ್ಸರಿನಲ್ಲಿ ಮೊದಲು ಇಳಿಸುವುದೇ 250ರ ಹತ್ತಿರ. ಇಳಿಸಿದ ತಕ್ಷಣ ಮಾತು ಮುಂದೆ ಬರುತ್ತದೆ, ಕಿಕ್ ಹಾಗೇ ಇರುತ್ತದೆ.

ಕಡಿಮೆ ಬೆಲೆಯ ಎಷ್ಟೋ ಹೆಡ್‌ಫೋನುಗಳು ಉಬ್ಬಿಸುವುದು ಸರಿಯಾಗಿ ಇದೇ ಭಾಗವನ್ನು. ಅಂಗಡಿಯಲ್ಲಿ ಅರ್ಧ ನಿಮಿಷ ಕೇಳಿದವರಿಗೆ 'ಏನ್ ಬೇಸ್ ಗುರೂ' ಅನಿಸಬೇಕಲ್ಲ! ನಿಮಗೆ ಬೇಕಾದದ್ದು 100ರ ಕೆಳಗೆ ಏರಿ, 200ರ ಹೊತ್ತಿಗೆ ಸಮಕ್ಕೆ ಇಳಿಯುವ ಬೇಸ್. ಇದು ನನ್ನೊಬ್ಬನ ರುಚಿಯಲ್ಲ. ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಸಂಗಡಿಗರು 2012ರ ನಂತರ ನೂರಾರು ಜನರಿಗೆ ಹೆಡ್‌ಫೋನ್ ಕೇಳಿಸಿ ನೋಡಿದರು. ಹೆಚ್ಚಿನವರು ಮೆಚ್ಚಿದ್ದು ಕೆಳಗಿನ ಬೇಸ್ ಸ್ವಲ್ಪ ಎತ್ತಿ, ದನಿಯ ಜಾಗವನ್ನು ಸ್ವಚ್ಛ ಬಿಟ್ಟ ಸದ್ದನ್ನು. 'ಹರ್ಮನ್ ಕರ್ವ್' ಅಂತ ವಿಮರ್ಶೆಗಳಲ್ಲಿ ಬರುವುದು ಇದೇ. ಸಬ್-ಬೇಸ್ ಅಂದರೆ ಆ ತೀರಾ ಕೆಳಗಿನ ಬೇಸ್, ಮಿಡ್-ಬೇಸ್ ಅಂದರೆ ಅದರ ಮೇಲಿನದು. ವಿಮರ್ಶೆ ಓದುವಾಗ 'ಸಬ್-ಬೇಸ್ ಚೆನ್ನಾಗಿದೆ' ಅಂದಿದ್ದರೆ ಮುಂದೆ ಓದಿ. 'ಮಿಡ್-ಬೇಸ್ ಜಾಸ್ತಿ, ವಾರ್ಮ್' ಅಂದಿದ್ದರೆ ನಿಮ್ಮ ಕಂಬಳಿ ಮತ್ತೆ ಬಂತು ಅಂತಲೇ ತಿಳಿಯಿರಿ.

ಅಂಗಡಿಯಲ್ಲಿ ಕೇಳಿ ನೋಡುವ ಅವಕಾಶ ಸಿಕ್ಕರೆ ಎರಡು ಹಾಡು ಇಟ್ಟುಕೊಂಡು ಹೋಗಿ. ಬೇಸ್‌ಗೆ ನಿಮಗೆ ಚೆನ್ನಾಗಿ ಗೊತ್ತಿರುವ ಹಾಡು. ಕ್ಲಾರಿಟಿಗೆ ಮಾತ್ರ ನೀವು ಕೇಳೇ ಇರದ ಹಾಡು. ಸಾಹಿತ್ಯ ಬಾಯಿಪಾಠ ಇದ್ದರೆ ಹೆಡ್‌ಫೋನ್ ನುಂಗಿದ ಅಕ್ಷರವನ್ನೂ ಮಿದುಳೇ ತುಂಬಿಕೊಳ್ಳುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಹೊಸ ಹಾಡಿನ ಒಂದು ಚರಣ ಕೇಳಿ, ಪದ ಹಿಡಿಯಲು ಆಯಿತಾ ನೋಡಿ. ಎರಡು ಹೆಡ್‌ಫೋನ್ ಹೋಲಿಸುವಾಗ ಎರಡರ ವಾಲ್ಯೂಮ್ ಒಂದೇ ಆಗಿರಲಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅಂತ ಎಲ್ಲರ ಕಿವಿಗೂ ಅನಿಸುತ್ತದೆ. ಅಂಗಡಿಯವರಿಗೂ ಇದು ಗೊತ್ತು.

ಬೇಸ್ ಪರೀಕ್ಷೆಗೆ ನಾನು ಹಾಕುವುದು ಮೃದಂಗದ ತನಿ ಆವರ್ತನ. ಎಡಗಡೆಯ ಮುಖವಾದ ತೊಪ್ಪಿಗೆ ರವೆ ಕಲಸಿ ಮೆತ್ತಿರುತ್ತಾರೆ, ಆ ಗಂಭೀರ ನಾದ ಬರುವುದು ಅದರಿಂದ. ಅಂಗೈ ಒತ್ತಿ ಗುಂಕಿ ನುಡಿಸಿದಾಗ ನಾದ ಕೆಳಗಿನಿಂದ ಮೇಲಕ್ಕೆ ಜಾರುತ್ತದೆ. ಒಳ್ಳೆಯ ಹೆಡ್‌ಫೋನಿನಲ್ಲಿ ಆ ಜಾರು ಪೂರ್ತಿ ಕೇಳುತ್ತದೆ, ಅದೇ ಹೊತ್ತಿಗೆ ಬಲಗಡೆ ಬೆರಳು ನಡುವಿನ ಕಪ್ಪು ಕರಣೆಯ ಮೇಲೆ ಬಿದ್ದ 'ಟಕ್' ಬೇರೆಯಾಗಿ ಕೇಳುತ್ತದೆ. ಉಬ್ಬಿದ ಹೆಡ್‌ಫೋನಿನಲ್ಲಿ ಒಂದು ಪೆಟ್ಟು ಮುಗಿಯುವುದರೊಳಗೆ ಮುಂದಿನದು ಬಂದು, ಎಲ್ಲಾ ಒಂದೇ ಗುಂಯ್. ಚಿತ್ರಗೀತೆಯ ಡ್ರಮ್‌ನಲ್ಲಿ ಈ ತಪ್ಪು ಅಡಗಿಕೊಳ್ಳಬಹುದು, ಮೃದಂಗದಲ್ಲಿ ಆಗುವುದಿಲ್ಲ.

ಈಗ ದುಡ್ಡಿನ ಮಾತು. ಎರಡು ಸಾವಿರಕ್ಕೆ ಬ್ಲೂಟೂತ್ ಹೆಡ್‌ಫೋನ್ ಹುಡುಕಿದರೆ ಬ್ಯಾಟರಿಗೆ, ಚಿಪ್‌ಗೆ, ಮೈಕ್‌ಗೆ ದುಡ್ಡು ಹಂಚಿಹೋಗುತ್ತದೆ. ಸದ್ದಿಗೆ ಉಳಿಯುವುದು ಕಡಿಮೆ. ವೈರ್ ಇರುವ, ಕಿವಿಯೊಳಗೆ ಕೂರುವ ಇಯರ್‌ಫೋನ್ ನೋಡಿ. ಮೂನ್‌ಡ್ರಾಪ್ ಚು-2, ಸೆವೆನ್‌ಹರ್ಟ್ಸ್ ಝೀರೋ-2 ಈ ಎರಡೂ ನಿಮ್ಮ ಬಜೆಟ್ ಸುತ್ತಮುತ್ತ ಬರುತ್ತವೆ. ನಿಮ್ಮ ರುಚಿಗೆ ಝೀರೋ-2 ಹೆಚ್ಚು ಹೊಂದುತ್ತದೆ, ಅದರಲ್ಲಿ ಕೆಳಗಿನ ಬೇಸ್ ತುಂಬಾ ಇದೆ, ದನಿಯೂ ಬಿಡಿಸಿ ಕೇಳುತ್ತದೆ. ಫೋನಿನಲ್ಲಿ ಹಳೇ ಜಾಕ್ ಇಲ್ಲದಿದ್ದರೆ ಟೈಪ್-ಸಿ ಡಾಂಗಲ್ ಬೇಕಾಗುತ್ತದೆ, ಅದನ್ನೂ ಬಜೆಟ್‌ಗೆ ಸೇರಿಸಿಕೊಳ್ಳಿ.

ಕೊಳ್ಳುವ ಮುಂಚೆ ಇನ್ನೊಂದು. ಇಯರ್‌ಫೋನ್ ಜೊತೆ ಚಿಕ್ಕದು, ನಡುವಿನದು, ದೊಡ್ಡದು ಅಂತ ರಬ್ಬರ್ ಟಿಪ್ ಬರುತ್ತವೆ. ಎಲ್ಲರೂ ಕಂಪನಿ ಹಾಕಿಕೊಟ್ಟ ನಡುವಿನದನ್ನೇ ಇಟ್ಟುಕೊಂಡು ಉಳಿದದ್ದನ್ನು ಡಬ್ಬದಲ್ಲೇ ಬಿಡುತ್ತಾರೆ. ಹಾಡು ಹಾಕಿ, ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಬೇಸ್ ದಿಢೀರ್ ಅಂತ ಏರಿತಾ? ಹಾಗಾದರೆ ನಿಮ್ಮ ಟಿಪ್ ಸಡಿಲ, ಗಾಳಿ ಸೋರುತ್ತಿದೆ. ದೊಡ್ಡದು ಹಾಕಿ. ಹಾಕುವಾಗ ಇನ್ನೊಂದು ಕೈಯಿಂದ ಕಿವಿಯ ಮೇಲ್ಭಾಗವನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆದರೆ ದಾರಿ ನೇರವಾಗಿ ಟಿಪ್ ಸರಿಯಾಗಿ ಕೂರುತ್ತದೆ. ಎರಡೂ ಕಿವಿಗೆ ಒಂದೇ ಅಳತೆ ಆಗಬೇಕೆಂದೇನಿಲ್ಲ. ನನಗೇ ಎಡಕ್ಕೆ ದೊಡ್ಡದು, ಬಲಕ್ಕೆ ನಡುವಿನದು.

ಪ್ರಶ್ನೆ: ಈಗಿರುವ ಹೆಡ್‌ಫೋನನ್ನೇ ಫೋನಿನ ಈಕ್ವಲೈಜರಿನಲ್ಲಿ ಸರಿ ಮಾಡಬಹುದಾ? ನಾನು ಬೇಸ್ ಏರಿಸಿದರೆ ಕಿರ್‌ಕಿರ್ ಅನ್ನುತ್ತದೆ.
— ಹಾಸನದ ಓದುಗರು

ಉತ್ತರ: ಖಂಡಿತ ಮಾಡಬಹುದು. ಆದರೆ ಮೊದಲು ಇಳಿಸಿ, ಆಮೇಲೆ ಏರಿಸಿ. 250ರ ಪಟ್ಟಿಯನ್ನು ಮೂರು–ನಾಲ್ಕು ಡೆಸಿಬಲ್ ಕೆಳಗೆ ತನ್ನಿ. ಅಷ್ಟಕ್ಕೇ ದನಿ ತೆರೆದುಕೊಳ್ಳುತ್ತದೆ. ಇನ್ನೂ ಬೇಸ್ ಬೇಕೆನಿಸಿದರೆ 60ರದ್ದನ್ನು ಎರಡು–ಮೂರು ಏರಿಸಿ. ಏರಿಸಿದಷ್ಟೇ ಪ್ರಿಆಂಪ್ (ಈಕ್ವಲೈಜರಿನ ಒಟ್ಟು ಸದ್ದಿನ ಪಟ್ಟಿ) ಇಳಿಸಿ. ಇಲ್ಲದಿದ್ದರೆ ಸದ್ದಿನ ತುದಿ ಕತ್ತರಿಸಿಹೋಗಿ ನೀವು ಹೇಳಿದ ಕಿರ್‌ಕಿರ್ ಶುರುವಾಗುತ್ತದೆ. 'ಬೇಸ್ ಬೂಸ್ಟ್' ಅಂತ ಒಂದೇ ಗುಂಡಿ ಇದ್ದರೆ ಅದನ್ನು ಮುಟ್ಟಲೇಬೇಡಿ.

ಪ್ರಶ್ನೆ: ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಹೋಗುತ್ತೇನೆ. ಮನೆಯಲ್ಲಿ ಬೇಸ್ ಭರ್ಜರಿ, ಬಸ್ ಹತ್ತಿದರೆ ಮಾಯ. ಹೆಡ್‌ಫೋನ್ ಬದಲಿಸಬೇಕಾ?
— ಹುಬ್ಬಳ್ಳಿಯ ಓದುಗರು

ಉತ್ತರ: ಬಸ್ಸಿನ ಎಂಜಿನ್ ಗುಡುಗುವುದೂ ಬೇಸ್ ಇರುವ ಜಾಗದಲ್ಲೇ. ಹಾಡಿನ ಬೇಸನ್ನು ಅದು ನುಂಗುತ್ತದೆ. ವಾಲ್ಯೂಮ್ ಏರಿಸಿ ಗೆಲ್ಲಲು ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ಮಿತಿ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ, 90 ಡೆಸಿಬಲ್ ಆದರೆ ಬರೀ 4 ಗಂಟೆ. ಬಸ್ಸಿನ ಗದ್ದಲದ ಮೇಲೆ ಹಾಡು ಕೇಳಿಸಬೇಕೆಂದು ಏರಿಸಿದರೆ 90 ಮುಟ್ಟುವುದು ಕಷ್ಟವೇನಲ್ಲ. ನಿಮ್ಮ ಓಡಾಟಕ್ಕೆ ವಾರದ ನಡುವೆಯೇ ಮಿತಿ ಮುಗಿದಿರುತ್ತದೆ.

ನಿಮಗೆ ಬೇಕಾದದ್ದು ನಾಯ್ಸ್ ಕ್ಯಾನ್ಸಲಿಂಗ್. ಅದು ಹೊರಗಿನ ಗದ್ದಲವನ್ನು ಮೈಕಿನಲ್ಲಿ ಹಿಡಿದು, ತಿರುಗುಮುರುಗು ಮಾಡಿದ ಸದ್ದನ್ನು ಒಳಗೆ ಬಿಟ್ಟು ಅಳಿಸುತ್ತದೆ. ಎಂಜಿನ್ನಿನಂಥ ಒಂದೇ ಸಮನೆ ಬರುವ ದಪ್ಪ ಸದ್ದಿಗೆ ಅದು ಹೇಳಿ ಮಾಡಿಸಿದ್ದು. ಬೋಸ್ ಕಂಪನಿ 1989ರಲ್ಲಿ ಮೊದಲು ಮಾರಿದ್ದೂ ಪೈಲಟ್‌ಗಳಿಗೇ. ಕಂಡಕ್ಟರ್ ಸೀಟಿ, ಪಕ್ಕದವರ ಫೋನ್ ಮಾತು ಇವಕ್ಕೆ ಅದರ ಆಟ ಅಷ್ಟು ನಡೆಯುವುದಿಲ್ಲ. ಅದಕ್ಕೆ ಮತ್ತೆ ಸರಿಯಾದ ಟಿಪ್ಪೇ ಗತಿ. ರಸ್ತೆ ದಾಟುವಾಗ ಮಾತ್ರ ತೆಗೆದುಬಿಡಿ ದಯವಿಟ್ಟು.

ಪ್ರಶ್ನೆ: ನನಗೆ ಅರವತ್ತೆರಡು. ವೀಣೆ ಕಚೇರಿ ಕೇಳಲು ಮಗ ಸೆನ್‌ಹೈಸರ್ ಎಚ್‌ಡಿ 650 ತಂದುಕೊಟ್ಟಿದ್ದಾನೆ. ಇಷ್ಟು ದುಬಾರಿಯದ್ದಕ್ಕೆ ಬೇಸೇ ಇಲ್ಲವಲ್ಲ! ಕೆಟ್ಟಿದೆಯಾ? ನಾನು ಕನ್ನಡಕ ಹಾಕುತ್ತೇನೆ.
— ಮೈಸೂರಿನ ಓದುಗರು

ಉತ್ತರ: ಕೆಟ್ಟಿಲ್ಲ ಅಮ್ಮ. ಅದು ಹಿಂಬದಿ ತೆರೆದಿರುವ ಹೆಡ್‌ಫೋನ್. ಜಾಲರಿಯ ಮೂಲಕ ಗಾಳಿ ಹೊರಗೂ ಆಡುತ್ತದೆ. ಸೆನ್‌ಹೈಸರ್ 1968ರಲ್ಲಿ ಎಚ್‌ಡಿ 414 ತಂದಾಗಿನಿಂದ ಈ ಜಾತಿಯದ್ದು ಇದೆ. ವೀಣೆಯ ತಂತಿ ಮೀಟಿದ ನಂತರ ಉಳಿಯುವ ನಾದ, ತಂಬೂರಿಯ ಝೇಂಕಾರ ಇದರಲ್ಲಿ ಕೇಳಿದ ಹಾಗೆ ಮುಚ್ಚಿದ ಹೆಡ್‌ಫೋನಿನಲ್ಲಿ ಕೇಳುವುದು ಕಷ್ಟ. ಆದರೆ ತೀರಾ ಕೆಳಗಿನ ಬೇಸ್ ಇದರಲ್ಲಿ ಕಡಿಮೆಯೇ. ನೀವು ಕೇಳುವುದು ವೀಣೆಯಾದ್ದರಿಂದ ನಷ್ಟ ಜಾಸ್ತಿ ಇಲ್ಲ.

ಇನ್ನೊಂದು ಕಾರಣವೂ ಇರಬಹುದು. ಓಮ್ ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ಇದು 300 ಓಮ್‌ನದ್ದು. ನೇರ ಫೋನಿಗೆ ಚುಚ್ಚಿದರೆ ಎಷ್ಟೋ ಫೋನುಗಳಿಗೆ ಅಷ್ಟು ಶಕ್ತಿ ಇರುವುದಿಲ್ಲ. ಮಗನಿಗೆ ಒಂದು ಸಣ್ಣ ಹೆಡ್‌ಫೋನ್ ಆಂಪ್ ತರಲು ಹೇಳಿ. ಇದರಲ್ಲಿ ಕನ್ನಡಕದಿಂದ ಬೇಸ್‌ಗೆ ಅಂಥ ತೊಂದರೆ ಇಲ್ಲ. ಮುಚ್ಚಿದ ಹೆಡ್‌ಫೋನ್ ಆಗಿದ್ದರೆ ಕನ್ನಡಕದ ಕಡ್ಡಿ ಕುಶನ್ನನ್ನು ಎತ್ತಿ, ಆ ಸಂದಿನಿಂದ ಬೇಸ್ ಸೋರಿಹೋಗುತ್ತಿತ್ತು.

ಅಂದಹಾಗೆ, ಮುಚ್ಚಿದ ದೊಡ್ಡ ಹೆಡ್‌ಫೋನೇ ಬೇಕು, ಬೇಸೂ ಬೇಕು, ಬಜೆಟ್ ಹೆಚ್ಚಿದೆ ಅಂತ ಬರೆದ ಉಳಿದವರಿಗೆ: ಬೇಯರ್‌ಡೈನಮಿಕ್ ಡಿಟಿ 770 ಪ್ರೊ ಕೇಳಿ ನೋಡಿ. 80 ಓಮ್‌ನದ್ದೇ ತಗೊಳ್ಳಿ, 250ರದ್ದು ಫೋನಿಗೆ ಭಾರ. ಇದರ ಬೇಸ್ ಕೆಳಗಿನವರೆಗೂ ಇಳಿಯುತ್ತದೆ. 'ಸ' ಅಕ್ಷರ ಮಾತ್ರ ಸ್ವಲ್ಪ ಚುಚ್ಚುತ್ತದೆ. ಅದು ನಿಮಗೆ ಕ್ಲಾರಿಟಿ ಅನಿಸಬಹುದು, ನನಗೆ ಒಂದು ಗಂಟೆಗೆ ತಲೆ ನೋಯುತ್ತದೆ.

ಪ್ರಶ್ನೆ: ಡಬ್ಬದ ಮೇಲೆ '50 ಎಂಎಂ ಡ್ರೈವರ್, 5 ಹರ್ಟ್ಸ್–40,000 ಹರ್ಟ್ಸ್' ಅಂತಿದೆ. ಇದೇ ಒಳ್ಳೆಯದಲ್ವಾ?
— ಕಲಬುರಗಿಯ ಓದುಗ

ಉತ್ತರ: ಕೇಳದ ಸದ್ದಿಗೆ ಯಾಕೆ ದುಡ್ಡು? ಎಷ್ಟು ಡೆಸಿಬಲ್ ಏರುಪೇರಿನೊಳಗೆ ಅಂತ ಬರೆಯದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ. ಡ್ರೈವರ್ (ಒಳಗೆ ಸದ್ದು ಹುಟ್ಟಿಸುವ ಭಾಗ) ದೊಡ್ಡದಾದ ಮಾತ್ರಕ್ಕೆ ಬೇಸ್ ಹೆಚ್ಚಬೇಕೆಂದೂ ಇಲ್ಲ. ಕಿವಿಗೆ ಸರಿಯಾಗಿ ಕೂತ 10 ಎಂಎಂ ಇಯರ್‌ಫೋನ್, ಸಡಿಲ ಕೂತ 50 ಎಂಎಂ ಹೆಡ್‌ಫೋನಿಗಿಂತ ಜಾಸ್ತಿ ಬೇಸ್ ಕೊಡುತ್ತದೆ.

ಪ್ರಶ್ನೆ: ಬ್ಲೂಟೂತ್ ಹೆಡ್‌ಫೋನ್ ಫೋನಿನಲ್ಲಿ ಚೆನ್ನಾಗಿದೆ. ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ಶುರುವಾದ ಕೂಡಲೇ ಹಿಂದೆ ನಡೆಯುತ್ತಿದ್ದ ಹಾಡು ಪೂರ್ತಿ ಸಪ್ಪೆ. ಬೇಸೂ ಇಲ್ಲ, ಏನೂ ಇಲ್ಲ.
— ಬೆಂಗಳೂರಿನ ಓದುಗರು

ಉತ್ತರ: ಮೀಟಿಂಗ್‌ನಲ್ಲಿ ಹಾಡು ಕೇಳುವುದನ್ನು ನಿಮ್ಮ ಮ್ಯಾನೇಜರಿಗೆ ಹೇಳುವುದಿಲ್ಲ, ಬಿಡಿ! ಹೆಡ್‌ಫೋನಿನ ಮೈಕ್ ಆನ್ ಆದರೆ ಬ್ಲೂಟೂತ್ ಕರೆಯ ವಿಧಾನಕ್ಕೆ ಬದಲಾಗುತ್ತದೆ, ಸ್ಟೀರಿಯೋ ಹೋಗಿ ಮಾತಿಗೆ ಸಾಕಾಗುವಷ್ಟೇ ಸದ್ದು ಉಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಮೈಕ್ ಅಂತ ಲ್ಯಾಪ್‌ಟಾಪಿನದ್ದನ್ನೇ ಆರಿಸಿ, ಹೆಡ್‌ಫೋನನ್ನು ಕೇಳಲು ಮಾತ್ರ ಇಟ್ಟುಕೊಳ್ಳಿ. ಸರಿಹೋಗುತ್ತದೆ.

ಪ್ರಶ್ನೆ: ಹೊಸ ಹೆಡ್‌ಫೋನನ್ನು ನೂರು ಗಂಟೆ ಓಡಿಸಿದರೆ ಬೇಸ್ ಬಿಚ್ಚಿಕೊಳ್ಳುತ್ತದಂತೆ, ಹೌದಾ?
— ಉಡುಪಿಯ ಓದುಗರು

ಉತ್ತರ: ಹೆಚ್ಚಾಗಿ ಬದಲಾಗುವುದು ನಿಮ್ಮ ಕಿವಿಯ ಅಭ್ಯಾಸ. ಕುಶನ್ ಮೆತ್ತಗಾಗಿ ಸ್ವಲ್ಪ ಚೆನ್ನಾಗಿ ಕೂರಬಹುದು, ಅಷ್ಟೇ. ಇಷ್ಟವಾಗದಿದ್ದರೆ ಗಂಟೆ ಎಣಿಸುತ್ತಾ ಕೂರಬೇಡಿ, ವಾಪಸ್ ಮಾಡುವ ಗಡುವು ಮುಗಿದುಹೋಗುತ್ತದೆ.

ಪ್ರಶ್ನೆ: ಬಲಗಡೆ ಇಯರ್‌ಫೋನಿನಲ್ಲಿ ಬೇಸೂ ಇಲ್ಲ, ಸದ್ದೂ ಕಡಿಮೆ. ಆರು ತಿಂಗಳ ಹಿಂದೆ ಕೊಂಡದ್ದು. ಎಸೆಯಲಾ?
— ಮಸ್ಕತ್‌ನಿಂದ ಒಬ್ಬ ಕನ್ನಡಿಗರು

ಉತ್ತರ: ಎಸೆಯುವ ಮುಂಚೆ ಟಿಪ್ ಕಳಚಿ, ತುದಿಯ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಕಿವಿಯ ಮೇಣ ಕಟ್ಟಿರಬಹುದು. ತೂತು ಕೆಳಮುಖವಾಗಿ ಹಿಡಿದು ಒಣ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಪಿನ್ ಚುಚ್ಚಬೇಡಿ, ನೀರು ಹಾಕಬೇಡಿ. ಟಿಪ್ಪನ್ನು ಮಾತ್ರ ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಆಮೇಲೂ ಕಡಿಮೆಯೇ ಇದ್ದರೆ ಎಡಗಡೆಯದನ್ನು ಬಲಗಿವಿಗೆ ಹಾಕಿ ನೋಡಿ. ಆಗಲೂ ಬಲಗಿವಿಗೇ ಕಡಿಮೆ ಕೇಳಿದರೆ ಇಯರ್‌ಫೋನ್ ಸರಿಯಾಗಿದೆ, ಕಿವಿ ಡಾಕ್ಟರ ಹತ್ತಿರ ಹೋಗಿ ಬನ್ನಿ.