ಹಾಡೇ ಹೇಳಿದ ಮೇಲೆ ಕೈ ಏನು ಹೇಳಬೇಕು?

ಪ್ರಶ್ನೆ: ಅಕ್ಕಾರ, ಐದು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದೇನೆ. ಕಾಲೇಜಿನ ಕಾರ್ಯಕ್ರಮದಲ್ಲಿ ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಹಾಡಿಗೆ ನೃತ್ಯ ಮಾಡುವ ಆಸೆ. ಗೆಳತಿಯರು 'ಮಗು ಸತ್ತ ಹಾಡಿಗೆ ಯಾರಾದರೂ ಕುಣಿಯುತ್ತಾರಾ?' ಅಂತ ನಗುತ್ತಾರೆ. ತಪ್ಪಾ?
– ಓದುಗಿ, ಮಾಳಮಡ್ಡಿ, ಧಾರವಾಡ

ಉತ್ತರ: ತಪ್ಪಲ್ಲ ತಂಗಿ. ಕುಣಿದಿದ್ದಾರೆ, ಅದೂ 1937ರಲ್ಲಿ, ಲಂಡನ್ನಿನಲ್ಲಿ. ಜರ್ಮನ್ ಕವಿ ರುಕರ್ಟ್‌ನ ಇಬ್ಬರು ಮಕ್ಕಳು 1833-34ರ ಚಳಿಗಾಲದಲ್ಲಿ ಜ್ವರದಿಂದ ತೀರಿಕೊಂಡರು. ಆ ಸಂಕಟದಲ್ಲಿ ಅವನು 428 ಕವಿತೆ ಬರೆದ. ಅದರಲ್ಲಿ ಐದನ್ನು ಸಂಗೀತ ಸಂಯೋಜಕ ಮಾಹ್ಲರ್ ಹಾಡು ಮಾಡಿದ. ಆ ಐದಕ್ಕೆ ಇಂಗ್ಲೆಂಡಿನ ನೃತ್ಯ ಸಂಯೋಜಕ ಆಂಟನಿ ಟ್ಯೂಡರ್ ಬ್ಯಾಲೆ ಕೂಡಿಸಿದ. ಹೆಸರು 'ಡಾರ್ಕ್ ಎಲಿಜೀಸ್'.

ನನಗೆ ಹಿಡಿಸಿದ್ದು ಏನು ಗೊತ್ತಾ? ಹಾಡುವವನು ಪರದೆ ಹಿಂದೆ ಇಲ್ಲ, ಕುಣಿಯುವವರ ಜೊತೆ ರಂಗದ ಮೇಲೇ ಇರುತ್ತಾನೆ. ಹಳ್ಳಿಯವರ ಸಾದಾ ಬಟ್ಟೆ, ಹೆಣ್ಣುಮಕ್ಕಳ ತಲೆಗೆ ವಸ್ತ್ರ. ಒಬ್ಬರು ಕುಣಿಯುವಾಗ ಉಳಿದವರು ಸುಮ್ನೆ ನೋಡುತ್ತಿರುತ್ತಾರೆ. ನಮ್ಮಲ್ಲಿ ಸತ್ತವರ ಮನೆಗೆ ಹೋಗಿ ಗೋಡೆಗೆ ಒರಗಿ ಕೂರುತ್ತೇವಲ್ಲ, ಹಾಗೆ. ಎದೆ ಬಡಿದುಕೊಂಡು ಅಳುವ ಅಭಿನಯ ಇಲ್ಲ. ಮುಖ ಬಿಗಿ. ದುಃಖವೆಲ್ಲ ಬೆನ್ನಿನಲ್ಲಿ, ತೋಳಿನಲ್ಲಿ.

ನಾನು ಇದನ್ನು ಕಲಿತದ್ದು ತಡವಾಗಿ. ಹಿಂದೆ ಗದಗಿನಲ್ಲಿ ಒಂದು ಭಾವಗೀತೆಗೆ ನೃತ್ಯ ಮಾಡಿದ್ದೆ. 'ಕಣ್ಣು' ಅಂದಾಗ ಕಣ್ಣು ತೋರಿಸಿದೆ, 'ಚಂದ್ರ' ಅಂದಾಗ ಚಂದ್ರಕಲಾ ಹಸ್ತ ಹಿಡಿದೆ, 'ಹೂವು' ಬಂದರೆ ಹೂವು. ಮುಗಿದ ಮೇಲೆ ಒಬ್ಬ ಅಜ್ಜಿ ಹತ್ತಿರ ಬಂದು, 'ಯವ್ವಾ, ನಮಗ ಕನ್ನಡ ತಿಳೀತೈತಿ, ಎರಡೆರಡು ಸಲ ಯಾಕ ಹೇಳ್ತಿ?' ಅಂದರು. ಅವತ್ತು ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ನಿನ್ನ ಹಾಡಿನಲ್ಲಂತೂ ಇರುವುದೇ ನೋಟ. ಹೆಂಡತಿಯ ಆ ನೋಟವನ್ನು ಗಂಡ ತಾಳಲಾರ. ಅದನ್ನು ನೀನು ಕಣ್ಣಿನಿಂದ ಮಾಡಲು ಹೋದರೆ ಕೆಟ್ಟಿತು. ಮುಖ ತಿರುಗಿಸಿ ನಿಲ್ಲು. ನೋಟ ಬಿದ್ದಲ್ಲಿ ಬೆನ್ನು ಹೇಗೆ ಕುಗ್ಗುತ್ತದೆ, ಅಷ್ಟು ತೋರಿಸಿದರೆ ಸಾಕು.

ಮೊಬೈಲಿನ ಟ್ರ್ಯಾಕ್ ಬೇಡ. ಹಾಡುವ ಗೆಳತಿ ಒಬ್ಬಳಾದರೂ ಸಿಕ್ಕಾಳು, ಧಾರವಾಡದಲ್ಲಿ ಹಾಡುವವರಿಗೆ ಬರವೇ? ಅವಳನ್ನು ವೇದಿಕೆ ಮೇಲೇ ಕೂರಿಸು. ಅವಳು ಉಸಿರು ತೆಗೆದುಕೊಳ್ಳುವಲ್ಲಿ ನೀನೂ ನಿಲ್ಲಬಹುದು. ಮತ್ತೆ ಗೆಜ್ಜೆ. ಅದರ ಸದ್ದಿಗೆ ಮಾತು ಮುಚ್ಚಿಹೋಗುತ್ತದೆ. ನಿಮ್ಮ ಗುರುಗಳು ಬೈದಾರು, ಆದರೂ ಒಂದು ಸಲ ಬಿಚ್ಚಿಟ್ಟು ಮಾಡಿ ನೋಡು.