ಊರಿನ ಹೆಸರನ್ನೇಕೆ ಮರೆಮಾಚಬೇಕು?

ಕಾರ್ಕಳದ ಓದುಗರೊಬ್ಬರು ಬರೆದ ಪತ್ರದ ಸಾರಾಂಶ ಹೀಗಿದೆ: ‘ಕರಾವಳಿಯಲ್ಲಿ ಯಾವ ಚಿತ್ರ ಎಲ್ಲಿ ಚಿತ್ರೀಕರಣಗೊಂಡಿತು ಎಂಬುದನ್ನು ಕಳೆದ ಸಂಚಿಕೆಯಲ್ಲಿ ಊರು, ದಾರಿ ಸಮೇತ ಪ್ರಕಟಿಸಿದ್ದೀರಿ. ಇದರಿಂದ ಪರದೆಯ ಮಾಯೆ ಕರಗುತ್ತದೆ, ಶಾಂತವಾಗಿದ್ದ ಊರಿಗೆ ಜನಜಂಗುಳಿ ನುಗ್ಗುತ್ತದೆ. ದಯವಿಟ್ಟು ಈ ಅಂಕಣವನ್ನು ನಿಲ್ಲಿಸಿ.’

ಮಾನ್ಯರೇ, ಊರಿನ ನೆಮ್ಮದಿಯನ್ನು ಕುರಿತು ಇಷ್ಟು ಕಳಕಳಿಯಿಂದ ಬರೆಯುವ ಓದುಗರಿರುವುದು ಯಾವ ಪತ್ರಿಕೆಗಾದರೂ ಭಾಗ್ಯವೇ. ಜನಜಂಗುಳಿಯ ಬಗ್ಗೆ ನೀವು ಹೇಳಿದ್ದು ನಿಜ. ‘ಗಾಳಿಪಟ’ ಬಂದ ಮೇಲೆ ಕೊಡಗಿನ ಮಾಂದಲಪಟ್ಟಿಯ ಗುಡ್ಡಕ್ಕೆ ಜೀಪುಗಳ ಸಾಲು ಹತ್ತತೊಡಗಿತು. ಆದರೆ ಕಸ ಎಸೆಯುವವರನ್ನು ತಡೆಯುವುದು ಪಂಚಾಯತಿನ ಮತ್ತು ಪ್ರವಾಸಿಗರ ಹೊಣೆಯೇ ಹೊರತು, ಅದಕ್ಕಾಗಿ ಊರು ತನ್ನ ಹೆಸರನ್ನು ಬಿಟ್ಟುಕೊಡಬೇಕಾಗಿಲ್ಲ.

ಮಾಯೆ ಕರಗುತ್ತದೆ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. 1970ರ ‘ಸಂಸ್ಕಾರ’ ಚಿತ್ರದ ದೂರ್ವಾಸಪುರ ಯಾವ ನಕ್ಷೆಯಲ್ಲಿಯೂ ಇಲ್ಲ. ಅದು ಬಹುಪಾಲು ಚಿತ್ರೀಕರಣಗೊಂಡದ್ದು ಶೃಂಗೇರಿ ಬಳಿಯ ವೈಕುಂಠಪುರದಲ್ಲಿ. ಆಸ್ಟ್ರೇಲಿಯಾದ ಟಾಮ್ ಕೋವನ್ ಅವರ ಕ್ಯಾಮೆರಾದ ಮುಂದೆ ಆ ಮಲೆನಾಡಿನ ಅಂಗಳಗಳು ಸುಮ್ಮನೆ ಹಿನ್ನೆಲೆಯಾಗಿ ನಿಂತಿರಲಿಲ್ಲ, ಪಾತ್ರಗಳಷ್ಟೇ ಗಂಭೀರವಾಗಿ ನಟಿಸಿದವು. ಈ ಸಂಗತಿ ತಿಳಿದ ಮೇಲೂ ಆ ಅಗ್ರಹಾರದ ಉಸಿರುಗಟ್ಟಿಸುವ ಮೌನ ನೋಡುಗನ ಮೇಲಿನ ತನ್ನ ಹಿಡಿತವನ್ನು ಸಡಿಲಿಸುವುದಿಲ್ಲ. ಆರ್.ಕೆ. ನಾರಾಯಣರ ಕಲ್ಪನೆಯ ಮಾಲ್ಗುಡಿಗೆ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಶಂಕರ್ ನಾಗ್ ಆಗುಂಬೆಯ ಬೀದಿ, ಜಗಲಿಗಳನ್ನು ಕೊಟ್ಟರು. ರೈಲಿಗೆ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣವನ್ನು ಆರಿಸಿದರು. ಆ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಅರಸಾಳುವಿನ ಹೆಸರು ಎಲ್ಲರಿಗೂ ತಿಳಿದಿದ್ದರಿಂದಲೇ ಅದು ಉಳಿಯಿತು. ನಿಮ್ಮ ಸಲಹೆಯಂತೆ ಮುಚ್ಚಿಟ್ಟಿದ್ದರೆ ಪಾಳುಬಿದ್ದ ಮತ್ತೊಂದು ನಿಲ್ದಾಣವಾಗಿ ಹೋಗುತ್ತಿತ್ತು.

ನಮ್ಮ ಸೀಮೆಯನ್ನೇ ನೋಡಿ. 2014ರ ‘ಉಳಿದವರು ಕಂಡಂತೆ’ ಮಲ್ಪೆಯನ್ನು ಮಲ್ಪೆ ಎಂದೇ ಕರೆಯಿತು. ಅಲ್ಲಿನ ಬೋಟು, ಅಷ್ಟಮಿಯ ಹುಲಿವೇಷಗಳು ಬೇರೆ ಊರಿನವೆಂದು ನಟಿಸಬೇಕಾಗಲಿಲ್ಲ. 2021ರಲ್ಲಿ ‘ಗರುಡ ಗಮನ ವೃಷಭ ವಾಹನ’ ಮಂಗಳೂರಿನ ಮಂಗಳಾದೇವಿ ಪರಿಸರವನ್ನು ಅದರ ಹೆಸರಿನೊಂದಿಗೇ ತೋರಿಸಿತು. ‘ಕಾಂತಾರ’ದ ಕಾಡುಬೆಟ್ಟು ಕಾಲ್ಪನಿಕ, ಆದರೆ ಅದಕ್ಕೆ ಮಣ್ಣು, ಮಳೆ, ಮರ ಕೊಟ್ಟದ್ದು ಕುಂದಾಪುರ ತಾಲೂಕಿನ ಕೆರಾಡಿ, ನಿರ್ದೇಶಕ ರಿಷಬ್ ಶೆಟ್ಟಿಯವರ ಸ್ವಂತ ಊರು. ಅವರದೇ 2018ರ ಚಿತ್ರದ ಕಾಸರಗೋಡಿನ ಸರ್ಕಾರಿ ಶಾಲೆಯಾಗಿ ಕಾಣಿಸಿಕೊಂಡದ್ದು ಮುಡಿಪು ಸಮೀಪದ ಕೈರಂಗಳದ ಶಾಲೆ, ಮತ್ತು ಮುಂದೆ ಆ ಶಾಲೆಯನ್ನು ಅವರೇ ದತ್ತು ಪಡೆದರು. ಚಿತ್ರತಂಡವೊಂದು ಊರಿನ ಋಣ ತೀರಿಸುವ ಬಗೆ ಇದು. ಕೈರಂಗಳದ ಹೆಸರನ್ನು ಓದುಗರಿಂದ ಮುಚ್ಚಿಡಿ ಎಂದು ನೀವು ಹೇಳುವಿರಾದರೆ, ಆ ಶಾಲೆಯ ಮಕ್ಕಳ ಮುಂದೆ ನಿಂತು ಹೇಳಬೇಕು ಎಂದು ನಾನು ವಿನಂತಿಸುತ್ತೇನೆ.

ಎಲ್ಲರೂ ಹಾಗೆ ನಡೆದುಕೊಳ್ಳುವುದಿಲ್ಲವೆಂಬುದೇ ನನ್ನ ದುಃಖ. ಉಡುಪಿ ಆಸುಪಾಸಿನ ಹಳೆಯ ಗುತ್ತಿನ ಮನೆಯೊಂದರಲ್ಲಿ, ಅಂದರೆ ತುಳುನಾಡಿನ ಪ್ರತಿಷ್ಠಿತ ಮನೆತನವೊಂದರ ದೊಡ್ಡ ಮನೆಯಲ್ಲಿ, ಚಿತ್ರೀಕರಣ ನಡೆದಿತ್ತು. ಚಾವಡಿಯ ಕೆತ್ತನೆಯ ಕಂಬಗಳ ನಡುವೆ ಹಳಿ ಹಾಸಿ ಕ್ಯಾಮೆರಾ ಓಡಿಸಿದರು, ದೈವದ ಕೋಣೆಯ ಮುಂದೆ ಚಪ್ಪಲಿ ಬಿಡಲೂ ಅವರಿಗೆ ನೆನಪಾಗಲಿಲ್ಲ. ಚಿತ್ರ ತೆರೆಗೆ ಬಂದಾಗ ಮನೆಯ ಹಿರಿಯರು ಮೊಮ್ಮಕ್ಕಳೊಂದಿಗೆ ಹೋಗಿ ಕೊನೆಯ ಅಕ್ಷರ ಸರಿಯುವವರೆಗೂ ಎದ್ದಿರಲಿಲ್ಲ. ಊಟ ಒದಗಿಸಿದವರು, ವಾಹನ ಕೊಟ್ಟವರು, ಒಡವೆಯಂಗಡಿಯವರು ಎಲ್ಲರಿಗೂ ಕೃತಜ್ಞತೆ ಇತ್ತು; ಮನೆಗೂ ಊರಿಗೂ ಇರಲಿಲ್ಲ. ಬಾಡಿಗೆ ಕೊಟ್ಟಿದ್ದರು, ಸರಿ. ಅಷ್ಟಕ್ಕೇ ಆ ಮನೆಯ ನೂರಾರು ವರ್ಷಗಳ ಗಾಂಭೀರ್ಯವನ್ನು ಹೆಸರಿಲ್ಲದೆ ಬಳಸಿಕೊಳ್ಳುವ ಹಕ್ಕು ಬಂದುಬಿಡುತ್ತದೆಯೇ?

ಈ ಅಲಕ್ಷ್ಯ ಚಿತ್ರರಂಗದ್ದಷ್ಟೇ ಅಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿ ದಂಡೆಯಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ದೇಶದ ಎಷ್ಟೋ ಮಾಡುಗಳ ಮೇಲೆ ಮಂಗಳೂರಿನ ಹೆಸರು ಅಚ್ಚೊತ್ತಿದೆ. ಅದೇ ಮಂಗಳೂರಿನಲ್ಲಿ ಹೆಂಚಿನ ಮನೆಗಳನ್ನು ಕೆಡವಿ ಫ್ಲ್ಯಾಟ್ ಕಟ್ಟುತ್ತಿದ್ದೇವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿ ಹಸ್ತಶಿಲ್ಪ ಪರಂಪರಾ ಗ್ರಾಮವನ್ನು ಕಟ್ಟದೇ ಇದ್ದಿದ್ದರೆ ಅವುಗಳಲ್ಲಿ ಎಷ್ಟು ಉಳಿಯುತ್ತಿದ್ದವು? ಉಳಿದ ಮನೆಗಳ ಪಾಲಿಗೆ ಎಷ್ಟೋ ಸಲ ಯಾವುದೋ ಚಿತ್ರದ ಎರಡು ನಿಮಿಷದ ದೃಶ್ಯವೇ ಏಕೈಕ ದಾಖಲೆ, ಮತ್ತು ಅದು ಯಾವ ಮನೆ ಎಂದು ಬರೆದಿಡದಿದ್ದರೆ ಆ ದಾಖಲೆಗೂ ಬೆಲೆಯಿಲ್ಲ. ಮಾತಿನ ಗತಿಯೂ ಇದೇ. ಕುಂದಾಪುರದ ಕನ್ನಡ, ಮಂಗಳೂರಿನ ಕನ್ನಡ, ತುಳು, ಕೊಂಕಣಿ, ಬ್ಯಾರಿಗಳ ನಡುವಿನ ವ್ಯತ್ಯಾಸವನ್ನು ಗಮನಿಸದೆ ಎಲ್ಲವನ್ನೂ ‘ಮಂಗಳೂರು ಭಾಷೆ’ ಎಂದು ನಗೆಪಾತ್ರದ ಬಾಯಿಗೆ ತುರುಕುವ ಚಾಳಿ ದಶಕಗಳಿಂದ ನಡೆದು ಬಂದಿದೆ. ಊರಿಗೆ ಹೆಸರು ಕೊಡದವರು ಅದರ ಮಾತಿಗೆ ಕಿವಿಗೊಡುವುದೂ ಅಪರೂಪ.

ಆದ್ದರಿಂದ ಅಂಕಣ ಮುಂದುವರಿಯುತ್ತದೆ. ನಿಮ್ಮ ಸೋದರಮಾವನ ಮನೆಯ ಅಂಗಳದಲ್ಲಿಯೂ ಒಮ್ಮೆ ಚಿತ್ರೀಕರಣ ನಡೆದಿತ್ತೆಂದು ಪತ್ರದ ಅಡಿಯಲ್ಲಿ ಒಂದೇ ಸಾಲಿನಲ್ಲಿ ಬರೆದು ಬಿಟ್ಟಿದ್ದೀರಿ. ಮನೆಯವರ ಒಪ್ಪಿಗೆ ಪಡೆದು ಆ ಮನೆಯ ಹೆಸರು, ಕಟ್ಟಿದವರ ವಿವರ, ಅಲ್ಲಿ ತೆಗೆದ ದೃಶ್ಯಗಳು ಇಷ್ಟನ್ನೂ ಬರೆದು ಕಳುಹಿಸಿ. ದಾರಿಯ ವಿವರ ಬೇಡವೆಂದರೆ ಅದನ್ನು ಬಿಟ್ಟು ಉಳಿದದ್ದನ್ನು ಪೂರ್ತಿಯಾಗಿ ಪ್ರಕಟಿಸುತ್ತೇವೆ.

— ಸಂಪಾದಕ