ಆರ್‌ವಿ ವಾಟರ್ ಹೀಟರ್ ನಾನೇ ಬಿಚ್ಚಿ ತೊಳೆಯಬಹುದೇ?

ಟೆಕ್ಸಾಸ್‌ನಲ್ಲಿ ಹಳೆಯ ಟ್ರಾವೆಲ್ ಟ್ರೈಲರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಆರ್‌ವಿ ಕೊಂಡಿದ್ದೀರಿ. ಬಿಸಿನೀರಿಗೆ ಕೊಳೆತ ಮೊಟ್ಟೆ ವಾಸನೆ, ಹೀಟರ್‌ನ ಹೊರಗಿನ ವಾಲ್ವ್ ತೊಟ್ಟಿಕ್ಕುತ್ತಿದೆ, ಚಳಿಗಾಲಕ್ಕೆ ಮುಂಚೆ ನಾವೇ ತೊಳೆದು ಸರಿಮಾಡಬಹುದೇ ಅಂತ ಕೇಳಿದ್ದೀರಿ. ಬಹುಪಾಲು ನೀವೇ ಮಾಡಬಹುದು. ಗ್ಯಾಸ್ ಪೈಪು, ರೆಗ್ಯುಲೇಟರ್ ಮಾತ್ರ ಮುಟ್ಟಬೇಡಿ, ಅದು ಕಲಿತವರ ಕೆಲಸ. ನಾನು ಕೊಲರಾಡೋದಲ್ಲಿ ಒಂಬತ್ತು ವರ್ಷದಿಂದ ಟ್ರೈಲರ್ ಇಟ್ಟುಕೊಂಡು, ಪ್ರತಿ ವರ್ಷ ಈ ಕೆಲಸ ಮಾಡುತ್ತಿದ್ದೇನೆ.

ಮೊದಲ ವರ್ಷ ಏನಾಯಿತು ಹೇಳುತ್ತೇನೆ. ಕ್ಯಾಂಪ್‌ನಿಂದ ಬಂದ ಸಂಜೆಯೇ ಟ್ಯಾಂಕ್ ಖಾಲಿ ಮಾಡಲು ಕೂತೆ. ಹೀಟರ್ ಆರಿಸಿದ್ದೆ, ಆದರೆ ನೀರು ಇನ್ನೂ ಬಿಸಿಯಿತ್ತು, ಒಳಗಿನ ಪ್ರೆಶರ್ ಇಳಿಸಿರಲಿಲ್ಲ. ಟ್ಯಾಂಕ್‌ನ ಕೆಳಗಿನ ತೂತು ಮುಚ್ಚಿರುವ ರಾಡನ್ನು ಸಾಕೆಟ್ ಪಾನಾದಿಂದ ತಿರುಗಿಸುತ್ತಾ ಕೊನೆಯ ಸುತ್ತಿಗೆ ಬಂದೆ ನೋಡಿ, ರಾಡು ಸಾಕೆಟ್ ಸಮೇತ ಕೈಯಿಂದ ಸಿಡಿದು ಹೋಯಿತು. ಹಿಂದೆಯೇ ಬಿಸಿನೀರು ಮುಂಗೈಗೆ ಬಡಿಯಿತು. ಎರಡು ವಾರ ಬ್ಯಾಂಡೇಜ್. ಸ್ವಲ್ಪ ಹೊತ್ತಿಗೆ ಮುಂಚೆ ಮಗಳು ಅದೇ ಜಾಗದಲ್ಲಿ ಕೂತು ನೋಡುತ್ತಿದ್ದಳು. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತೆ.

ನಾನು ಬೆಳೆದದ್ದು ಬಚ್ಚಲಮನೆಯ ಹಂಡೆ ನೋಡಿಕೊಂಡು. ಹಂಡೆಗೆ ಬಾಯಿ ತೆರೆದಿರುತ್ತೆ, ಆವಿ ತನ್ನ ಪಾಡಿಗೆ ಮೇಲೆ ಹೋಗುತ್ತೆ. ಈ ಹೀಟರ್ ಹಾಗಲ್ಲ. ಸಾಮಾನ್ಯವಾಗಿ 6 ಗ್ಯಾಲನ್, ಅಂದರೆ ಸುಮಾರು 23 ಲೀಟರ್ ನೀರು ಮುಚ್ಚಿದ ಡಬ್ಬಿಯಲ್ಲಿ ಕಾಯುತ್ತೆ. ಕುಕ್ಕರ್ ಅಂದುಕೊಳ್ಳಿ. ಆವಿ ಇಳಿಯದೆ ಕುಕ್ಕರ್ ಮುಚ್ಚಳ ತೆಗೆಯುತ್ತೇವೆಯೇ?

ಹಾಗಾಗಿ ಹಿಂದಿನ ರಾತ್ರಿಯೇ ಆರಿಸಿ, ಬೆಳಿಗ್ಗೆ ಕೆಲಸಕ್ಕೆ ಇಳಿಯಿರಿ. ಇವು ಬಹಳಷ್ಟು ಗ್ಯಾಸ್, ಕರೆಂಟ್ ಎರಡರಲ್ಲೂ ಓಡುತ್ತವೆ, ಎರಡೂ ಬಂದ್ ಆಗಬೇಕು. ಕರೆಂಟಿನದಕ್ಕೆ ಕೆಲವು ಮಾಡೆಲ್‌ಗಳಲ್ಲಿ ಹೀಟರ್‌ನ ಹೊರಬಾಗಿಲಿನ ಹಿಂದೆ ಇನ್ನೊಂದು ಪುಟ್ಟ ಸ್ವಿಚ್ ಇರುತ್ತೆ, ನಾನಂತೂ ಬ್ರೇಕರ್ ಕೂಡ ಇಳಿಸುತ್ತೇನೆ. ಆಮೇಲೆ ನೀರಿನ ಪಂಪ್ ನಿಲ್ಲಿಸಿ, ಹೊರಗಿನ ಹೋಸ್ ಬಂದ್ ಮಾಡಿ, ಒಳಗಿನ ಬಿಸಿನೀರಿನ ನಲ್ಲಿ ತೆರೆಯಿರಿ. ಹರಿಯುವುದು ನಿಂತ ಮೇಲೆ ಹೊರಗಿನ ರಿಲೀಫ್ ವಾಲ್ವ್‌ನ (ಹೆಚ್ಚಾದ ಒತ್ತಡ ಹೊರಬಿಡುವ, ನಿಮ್ಮಲ್ಲಿ ತೊಟ್ಟಿಕ್ಕುತ್ತಿರುವ ವಾಲ್ವ್ ಅದೇ) ಪುಟ್ಟ ಹಿಡಿ ಎತ್ತಿ, ಉಳಿದ ಒತ್ತಡವನ್ನೂ ಬಿಡಿ. ಟ್ಯಾಂಕ್ ಮುಟ್ಟಿದರೆ ತಣ್ಣಗಿರಬೇಕು. ಆಗ ಮಾತ್ರ ಸಾಕೆಟ್ ಕೈಗೆ. ಆಗಲೂ ಎದುರಿಗೆ ಕೂರಬೇಡಿ, ಪಕ್ಕಕ್ಕೆ ಕೂತು ತಿರುಗಿಸಿ.

ಏನು ಬಿಚ್ಚುತ್ತೀರಿ ಅನ್ನುವುದು ಕಂಪನಿ ಮೇಲೆ ಹೋಗುತ್ತೆ. ಸಬರ್ಬನ್‌ನದು ಉಕ್ಕಿನ ಟ್ಯಾಂಕ್. ಒಳಗೆ ಪಿಂಗಾಣಿ ಲೇಪ ಇದ್ದರೂ ತುಕ್ಕು ತಡೆಯಲು ಮೆಗ್ನೀಸಿಯಂ ಆನೋಡ್ ರಾಡ್ ಹಾಕಿರುತ್ತಾರೆ, 1-1/16 ಇಂಚಿನ ಸಾಕೆಟ್ ಬೇಕು. ಉಕ್ಕಿನ ಬದಲು ಆ ರಾಡು ತಾನು ಸವೆಯುತ್ತೆ. ಮುಕ್ಕಾಲು ಪಾಲು ತಿಂದು ಹೋಗಿದ್ದರೆ ಹೊಸದು ಹಾಕಿ. ಆಟ್‌ವುಡ್‌ನದು ಅಲ್ಯೂಮಿನಿಯಂ ಟ್ಯಾಂಕ್. ಅದಕ್ಕೆ ಪ್ಲಾಸ್ಟಿಕ್ ಬಿರಡೆ ಇರುತ್ತೆ, ಆನೋಡ್ ಇಲ್ಲ. ಗಟ್ಟಿ ಅಂತ ಹಿತ್ತಾಳೆಯದು ಹಾಕಿಬಿಡಬೇಡಿ.

ನೀರಿನ ಜೊತೆ ಬಿಳಿ ಚೂರುಗಳು ಬರುತ್ತವೆ, ಬೋರ್‌ವೆಲ್ ನೀರಿನ ಗೀಸರ್‌ನಲ್ಲಿ ಕಟ್ಟುವ ಸುಣ್ಣದಂಥದ್ದೇ. ಉದ್ದ ಮೂತಿಯ ಟ್ಯಾಂಕ್ ತೊಳೆಯುವ ಕೊಳವೆ ಅಂಗಡಿಯಲ್ಲಿ ಸಿಗುತ್ತೆ, ತಿಳಿನೀರು ಬರುವವರೆಗೆ ತೊಳೆಯಿರಿ.

ಇನ್ನು ವಾಸನೆ. ಇಲ್ಲಿ ನಿಧಾನಿಸಿ, ಯಾಕೆಂದರೆ ಅಡುಗೆ ಗ್ಯಾಸ್ ಸೋರಿದ್ದು ತಿಳಿಯಲೆಂದು ಬೆರೆಸುವ ವಾಸನೆಯೂ ಹೆಚ್ಚುಕಡಿಮೆ ಹೀಗೇ ಇರುತ್ತೆ. ಬಿಸಿನೀರಿನ ನಲ್ಲಿ ತೆರೆದಾಗ ಮಾತ್ರ ಬಂದರೆ ಅದು ನೀರಿನದು. ನೀರಿನ ಸಲ್ಫೇಟ್ ತಿನ್ನುವ ಬ್ಯಾಕ್ಟೀರಿಯಾ ಆನೋಡ್ ಇರುವ ಟ್ಯಾಂಕ್‌ನಲ್ಲಿ ಸೇರಿಕೊಂಡು ಹೈಡ್ರೋಜನ್ ಸಲ್ಫೈಡ್ ಮಾಡುತ್ತೆ. ನಲ್ಲಿ ಮುಚ್ಚಿದ್ದಾಗಲೂ ಟ್ರೈಲರ್ ಒಳಗೆ, ಅದರಲ್ಲೂ ನೆಲದ ಹತ್ತಿರ ವಾಸನೆ ಇದ್ದರೆ ಗ್ಯಾಸೇ ಅಂದುಕೊಳ್ಳಿ. ಪ್ರೊಪೇನ್ ಗಾಳಿಗಿಂತ ಭಾರ, ಕೆಳಗೆ ಕೂರುತ್ತೆ. ಯಾವ ಸ್ವಿಚ್ಚೂ ಮುಟ್ಟದೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಸಿಲಿಂಡರ್ ಬಂದ್ ಮಾಡಿ.

ನೀರಿನ ವಾಸನೆಗೆ ಸುಗಂಧ ಇಲ್ಲದ ಮನೆಬಳಕೆಯ ಬ್ಲೀಚ್ ಸಾಕು, 15 ಗ್ಯಾಲನ್ ನೀರಿಗೆ ಕಾಲು ಕಪ್. ಹೀಟರ್ ಆರಿಸಿಯೇ ಇಟ್ಟು, ಮೊದಲು ಬಕೆಟ್‌ನಲ್ಲಿ ಕಲಸಿ ಟ್ರೈಲರ್‌ನ ಬಳಕೆ ನೀರಿನ ಟ್ಯಾಂಕ್‌ಗೆ ಹಾಕಿ, ಪಂಪ್ ಓಡಿಸಿ ಬಿಸಿನೀರಿನ ನಲ್ಲಿಯಲ್ಲೂ ಬ್ಲೀಚ್ ವಾಸನೆ ಬಂದ ಮೇಲೆ ಕೆಲವು ಗಂಟೆ ಬಿಟ್ಟು ಚೆನ್ನಾಗಿ ತೊಳೆಯಿರಿ. ಸುಣ್ಣ ಕರಗಿಸಲು ವಿನೆಗರ್ ಹಾಕುವವರಿದ್ದಾರೆ, ನಾನೂ ಹಾಕುತ್ತೇನೆ. ಆದರೆ ಅದೇ ದಿನ ಬೇಡ. ಬ್ಲೀಚ್ ಮತ್ತು ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತೆ.

ತೊಟ್ಟಿಕ್ಕುವ ವಾಲ್ವ್ ಕೆಟ್ಟಿರಲೇಬೇಕು ಅಂತಿಲ್ಲ. ಟ್ಯಾಂಕ್‌ನ ಮೇಲ್ಭಾಗದಲ್ಲಿ ಸ್ವಲ್ಪ ಗಾಳಿ ಇರಬೇಕು, ಕಾದ ನೀರು ಹಿಗ್ಗಲು ಜಾಗ ಅದೇ. ದಿನ ಕಳೆದಂತೆ ಆ ಗಾಳಿ ನೀರಲ್ಲಿ ಕರಗಿ ಹೋಗುತ್ತೆ, ಹಿಗ್ಗಿದ ನೀರು ವಾಲ್ವ್‌ನಿಂದ ಹೊರಬರುತ್ತೆ. ಹೀಟರ್ ತಣ್ಣಗಾದ ಮೇಲೆ ನೀರು ಬಂದ್ ಮಾಡಿ, ಬಿಸಿನೀರಿನ ನಲ್ಲಿ ತೆರೆದು, ವಾಲ್ವ್ ಎತ್ತಿ ಹಿಡಿದು ನೀರು ನಿಲ್ಲುವವರೆಗೆ ಬಿಡಿ, ಗಾಳಿ ಮತ್ತೆ ತುಂಬಿಕೊಳ್ಳುತ್ತೆ. ಆದರೂ ಸೋರಿದರೆ ವಾಲ್ವ್ ಬದಲಿಸಿ. ಅದು 150 ಪಿಎಸ್ಐ ಒತ್ತಡ ಅಥವಾ 210 ಡಿಗ್ರಿ ಫ್ಯಾರನ್‌ಹೀಟ್‌ಗೆ ತೆರೆದುಕೊಳ್ಳುವಂಥದ್ದು, ಅದೇ ಅಳತೆಯದೇ ಬೇಕು. ದಯವಿಟ್ಟು ಬಿರಡೆ ಹಾಕಿ ಮುಚ್ಚಬೇಡಿ. ನಿಮ್ಮ ಮನೆಯವರ ಜೀವ ಕಾಯುವುದು ಆ ವಾಲ್ವೇ.

ಬಾಗಿಲು ತೆರೆದಿರುವಾಗ ಬರ್ನರ್ ಕೊಳವೆಯನ್ನೂ ನೋಡಿ. ಜೇಡ, ಮಣ್ಣಿನ ಗೂಡು ಕಟ್ಟುವ ಕಣಜ ಅಲ್ಲಿ ಮನೆ ಮಾಡುತ್ತವೆ. ಉರಿ ನೀಲಿ ಇರಬೇಕು. ಹಳದಿ ಉರಿ, ಹೊಗೆಬಾಯಿಗೆ ಮಸಿ ಕಂಡರೆ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದ ಭಯ ಇರುತ್ತೆ. ಹಳೆಯ ಟ್ರೈಲರ್ ಅಲ್ಲವೇ, ಒಳಗಿನ ಗ್ಯಾಸ್, ಕಾರ್ಬನ್ ಮಾನಾಕ್ಸೈಡ್ ಅಲಾರಂಗಳ ಅವಧಿ ಮುಗಿದಿದೆಯೇ ಅಂತ ಹಿಂದೆ ಬರೆದ ದಿನಾಂಕ ಇವತ್ತೇ ನೋಡಿ.

ಮತ್ತೆ ತುಂಬಿಸುವಾಗ ಬಿಸಿನೀರಿನ ನಲ್ಲಿ ಬುಸುಗುಡುವುದು ನಿಂತು ಒಂದೇ ಸಮ ಹರಿಯುವವರೆಗೆ ಕರೆಂಟ್ ಹಾಕಬೇಡಿ. ಖಾಲಿ ಟ್ಯಾಂಕ್‌ನಲ್ಲಿ ಎಲಿಮೆಂಟ್ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಕಿಲ್ಲ.

ಟೆಕ್ಸಾಸ್‌ನಲ್ಲಿ ಹಿಮವೆಲ್ಲಿ ಅನ್ನಬೇಡಿ, 2021ರ ಫೆಬ್ರವರಿಯಲ್ಲಿ ಅಲ್ಲಿ ಎಷ್ಟೋ ಮನೆಗಳ ಪೈಪು ಒಡೆದವು. ಟ್ರೈಲರ್ ನಿಲ್ಲಿಸುವ ಮುಂಚೆ ಹೀಟರ್ ಖಾಲಿ ಮಾಡಿ, ಹೀಟರ್‌ಗೆ ಏನೂ ಹೋಗದಂತೆ ಬೈಪಾಸ್ ವಾಲ್ವ್ ತಿರುಗಿಸಿ, ಆಮೇಲೆ ಪೈಪುಗಳಿಗೆ ಆರ್‌ವಿಯ ಗುಲಾಬಿ ಬಣ್ಣದ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ಕಾಯುವ ದ್ರವ) ಬಿಡಿ. ಕಾರಿನದು ವಿಷ, ಅದು ಬೇಡವೇ ಬೇಡ.

ಹೊರಬಾಗಿಲಿನ ಒಳಗೆ ಮಾಡೆಲ್ ಸ್ಟಿಕರ್ ಇರುತ್ತೆ. ಅದರ ಫೋಟೊ ಹಾಕಿ, ನಿಮಗೆ ಬೇಕಾದದ್ದು ರಾಡೋ ಬಿರಡೆಯೋ ನೋಡಿ ಹೇಳುತ್ತೇನೆ.